ಗಂಟೆ ಹೊಡೆಯುವ ಮುಂಚಿನ ಕೆಮ್ಮು

ಫೆಬ್ರವರಿ ೨

ಪ್ರೀತಿಯ ಅತ್ತಿಗೆ,

ಈ ದೇಶಕ್ಕೆ ಬಂದು ಐದು ವಾರವಾಯಿತು. ಅಷ್ಟರಲ್ಲಿ ಏಳು ಸಲ ಫೋನ್ ಮಾಡಿದ್ದೇನೆ, ನೀವು ಎತ್ತಲಿಲ್ಲ. ಕೊನೆಗೆ ನಮ್ಮ ಗಡಿಯಾರದ ಅಂಗಡಿಯ ರಿಪೇರಿ ಮೇಸ್ತ್ರಿಗೆ ಮಾಡಿದೆ. "ಅಮ್ಮಾವ್ರು ಚೆನ್ನಾಗಿದಾರೆ. ಆದ್ರೆ ಯಾರ ಫೋನೂ ಎತ್ತಲ್ಲ. ಕಾಗದ ಬರೆದ್ರೆ ಓದ್ತಾರಂತೆ" ಎಂದರು. ಸರಿ, ಬರೆಯುತ್ತೇನೆ. ನನಗೂ ಬರೆಯುವುದೇ ವಾಸಿ. ಫೋನಿನಲ್ಲಾದರೆ ನಿಮ್ಮ ಮೌನ ಕೇಳಿಸುತ್ತದೆ.

ಕೆಲಸ ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಹಳೆಯ ಕೈಬರಹದ ಪುಸ್ತಕಗಳನ್ನು ಒಂದೊಂದಾಗಿ ಬಿಡಿಸಿ, ಯಾವ ಹಾಳೆ ಇದೆ, ಯಾವುದು ಹರಿದಿದೆ, ಯಾವುದು ಇಲ್ಲವೇ ಇಲ್ಲ ಎಂದು ಪಟ್ಟಿ ಮಾಡಬೇಕು. ಹಾಳೆ ತಿರುವುವಾಗ ಮಾತಾಡಬಾರದು, ಉಸಿರು ತಾಗುತ್ತದಂತೆ. ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚಿಕೊಂಡಿರುವುದು ನನ್ನಂಥವಳಿಗೆ ಎಂಥ ಶಿಕ್ಷೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಹೇಳಬೇಕಾದ ವಿಷಯವನ್ನು ಎರಡು ಪ್ಯಾರಾ ಮುಂದೂಡಿದೆ. ಅಣ್ಣ ತೀರಿಕೊಂಡ ನಗರ ಇಲ್ಲಿಂದ ರೈಲಿನಲ್ಲಿ ಮೂರು ಗಂಟೆಯ ದಾರಿ. ಈ ತಿಂಗಳ ಇಪ್ಪತ್ತೆಂಟಕ್ಕೆ ನನಗೆ ರಜ. ಆ ಕೊನೆಯ ದಿನ ಅವನು ಒಬ್ಬನೇ ಊರು ನೋಡಿದನಲ್ಲ, ಅವೇ ಜಾಗಗಳನ್ನು ನಾನೂ ನೋಡಿ ಬರಲೇ? ಅಲ್ಲಿಂದ ಅವನ ಕಾಗದಪತ್ರಗಳೆಲ್ಲ ನಿಮ್ಮ ಕೈಗೇ ಬಂದವು. ಎಲ್ಲೆಲ್ಲಿ ಹೋಗಿದ್ದ ಎಂದು ನಾನು ಕೇಳಲಿಲ್ಲ. ಕೇಳಲು ಮುಖವಿರಲಿಲ್ಲ.

ಅವನನ್ನು ಹೊರಡಿಸಿದವಳು ನಾನು. "ಹುಟ್ಟಿದಾಗಿಂದ ನಾಲ್ಕು ಗೋಡೆ, ನೂರು ಗಡಿಯಾರ. ಅಲ್ಲಿ ಗಡಿಯಾರದವರದ್ದೇ ಪ್ರದರ್ಶನ ಇದ್ಯಂತೆ, ಒಂದ್ಸಲ ಹೋಗಿ ಬಾರೋ" ಎಂದು ಬೆನ್ನು ಹತ್ತಿದ್ದು ನಾನೇ. ನಿಮಗೆ ಇಷ್ಟವಿರಲಿಲ್ಲ ಎಂದೂ ಗೊತ್ತಿತ್ತು. ಒಂದೂಕಾಲು ವರ್ಷದಿಂದ ನೀವು ಫೋನ್ ಎತ್ತದಿರುವುದಕ್ಕೆ ಕಾರಣ ನನಗೆ ತಿಳಿಯದ್ದಲ್ಲ. ನೀವು ಬೇಡ ಎಂದರೆ ಹೋಗುವುದಿಲ್ಲ.

ನಿಮ್ಮ
ಗುಬ್ಬಿ

*

ಫೆಬ್ರವರಿ ೧೩

ಗುಬ್ಬಿ,

ಹೋಗು. ನೋಡಿಕೊಂಡು ಬಾ. ನಾನು ಬೇಡ ಎನ್ನಲು ಯಾರು?

ಅಂಗಡಿ ನಡೆಯುತ್ತಿದೆ. ಮೇಸ್ತ್ರಿ ವಾರಕ್ಕೆ ಎರಡು ದಿನ ಬಂದು ರಿಪೇರಿ ಮಾಡುತ್ತಾರೆ. ನಾನು ಹೊಲಿಗೆ ಮಿಷನ್ನನ್ನು ಮಹಡಿಯಿಂದ ಇಳಿಸಿ ಕೌಂಟರಿನ ಪಕ್ಕಕ್ಕೇ ಹಾಕಿಸಿದ್ದೇನೆ. ಗಿರಾಕಿ ಬಂದರೆ ಚೀಟಿ ಬರೆಯುವುದು, ಇಲ್ಲದಿದ್ದರೆ ರವಿಕೆ ಹೊಲಿಯುವುದು. "ಗಡಿಯಾರದ ಅಂಗಡೀಲಿ ಅಳತೆ ಟೇಪು ಯಾಕಮ್ಮ?" ಎಂದು ಒಬ್ಬರು ಕೇಳಿದರು. "ಹೊತ್ತನ್ನೂ ಅಳೀತೀವಿ, ಹೊಟ್ಟೇನೂ ಅಳೀತೀವಿ" ಎಂದೆ. ಆಮೇಲೆ ನಾನೇ ನಕ್ಕೆನಲ್ಲ ಎಂದು ಬೇಜಾರಾಯಿತು.

ನಿವೃತ್ತ ಟೀಚರ್ ನಿನ್ನೆಯೂ ಬಂದಿದ್ದರು. ತೀರಿಹೋದ ಅವರ ಯಜಮಾನರ ಕೈಗಡಿಯಾರ ನಿಮ್ಮಣ್ಣನ ಕೈಯಲ್ಲಿ ರಿಪೇರಿಗಿತ್ತಂತೆ. ಚೀಟಿ ಇದೆ, ಗಡಿಯಾರ ಇಲ್ಲ. ಡ್ರಾಯರುಗಳನ್ನೆಲ್ಲ ಮೂರು ಸಲ ಜಾಲಾಡಿದೆವು. ಬೈದಿದ್ದರೆ ಚೆನ್ನಾಗಿತ್ತು, ಅವರು ಬೈಯುವುದಿಲ್ಲ. "ಸಿಕ್ಕಾಗ ಹೇಳಮ್ಮ" ಎಂದು ಕೊಡೆ ಊರಿಕೊಂಡು ಹೋಗುತ್ತಾರೆ.

ನಮ್ಮ ಹಳೆಯ ಗೋಡೆ ಗಡಿಯಾರ, ತಾತ, ನಡೆಯುತ್ತಿದ್ದಾನೆ. ಈಗಲೂ ಕೆಮ್ಮಿಯೇ ಗಂಟೆ ಹೊಡೆಯುತ್ತಾನೆ.

ಅಲ್ಲಿಂದ ಬಂದದ್ದು ಎರಡು ಲಕೋಟೆ, ಒಂದು ಸೂಟ್‌ಕೇಸು. ದೊಡ್ಡ ಲಕೋಟೆಯಲ್ಲಿ ಪೊಲೀಸರ ಕಾಗದ, ನಿಮ್ಮಣ್ಣನ ಜೇಬಿನ ಪುಸ್ತಕ, ಮ್ಯೂಸಿಯಮ್ಮಿನ ಟಿಕೆಟ್ಟಿನ ತುಂಡು ಇದ್ದವು. ಚಿಕ್ಕದರಲ್ಲಿ ಕೈಗಡಿಯಾರ ಇದೆ ಎಂದು ಮೇಲೆ ಬರೆದಿದೆ. ನಮ್ಮ ಮದುವೆಯಲ್ಲಿ ನಮ್ಮಪ್ಪ ಕೊಟ್ಟದ್ದು. ಅದನ್ನು ಒಡೆದಿಲ್ಲ. ಸೂಟ್‌ಕೇಸೂ ಮಂಚದ ಕೆಳಗೆ ಹಾಗೇ ಇದೆ. ಟಿಕೆಟ್ಟಿನ ತುಂಡನ್ನು ಇದರ ಜೊತೆ ಇಟ್ಟಿದ್ದೇನೆ. ಪುಸ್ತಕ ಕಳಿಸಲು ಮನಸ್ಸಾಗಲಿಲ್ಲ, ಆ ದಿನದ ಪುಟವನ್ನು ನಕಲು ಮಾಡಿದ್ದೇನೆ.

೫-೩೫. ಹೊರಟೆ. ಮುಂದೆ ೧.
೬-೨೦. ಸೇತುವೆ. ನೀರು ಹರಿಯುತ್ತದೋ ನಿಂತಿದೆಯೋ ತಿಳಿಯದು. ಮುಂದೆ ೧.
೭-೧೦. ಮ್ಯೂಸಿಯಂ. ಇನ್ನೂರು ಗಡಿಯಾರ, ಒಂದೂ ನಡೆಯುತ್ತಿಲ್ಲ. ಪಾಪ. ಮುಂದೆ ೧.
೧೦-೧೫. ದೋಣಿ. ಮುಂದೆ ೨.
೧೧-೩೦. ಬ್ರೆಡ್ಡು, ಚಹಾ. ಚಹಾ ಅಲ್ಲ, ಬಿಸಿನೀರು. ಮುಂದೆ ೨.
೧-೦೦. ದೊಡ್ಡ ಗಡಿಯಾರ. ತಾತನ ಅಣ್ಣ. ಮುಂದೆ ೨.
೧-೦೫. ಬೆಂಚು. ಕಾಲು ಸೋತಿದೆ.

"ಮುಂದೆ ೧", "ಮುಂದೆ ೨" ಏನೆಂದು ನನಗೆ ತಿಳಿಯಲಿಲ್ಲ. ಮೇಸ್ತ್ರಿಗೆ ತೋರಿಸಲಿಲ್ಲ, ಇದನ್ನು ಯಾರಿಗೂ ತೋರಿಸಿಲ್ಲ. ಎಷ್ಟು ಮೈಲಿ ಮುಂದೆ ನಡೆದೆ ಎಂದು ಬರೆದುಕೊಂಡಿರಬಹುದು.

ಪೊಲೀಸರ ಕಾಗದದ ಪ್ರಕಾರ ಉದ್ಯಾನದ ಕಾವಲುಗಾರ ಅವರನ್ನು ಬೆಂಚಿನ ಮೇಲೆ ನೋಡಿದ್ದು ಸಂಜೆ ಐದೂ ಇಪ್ಪತ್ತಕ್ಕೆ. ಅಷ್ಟು ಹೊತ್ತಿಗೆ ಹೃದಯಾಘಾತದಿಂದ ಜೀವ ಹೋಗಿತ್ತು. ಕೂತದ್ದು ಒಂದೂ ಐದಕ್ಕೆ. ನಾಲ್ಕೂಕಾಲು ಗಂಟೆ, ಗುಬ್ಬಿ. ಎದೆ ಹಿಡಿದುಕೊಂಡು, ಗುರುತು ಪರಿಚಯವಿಲ್ಲದ ಊರಿನಲ್ಲಿ, ನಾಲ್ಕೂಕಾಲು ಗಂಟೆ.

ನೀನು ಸೇತುವೆ, ಮ್ಯೂಸಿಯಂ ನೋಡದಿದ್ದರೂ ನಡೆದೀತು. ಆ ಬೆಂಚನ್ನು ನೋಡು. ಅದರ ಮುಂದೆ ಜನ ಓಡಾಡುತ್ತಾರೆಯೇ? ಒಬ್ಬ ಮನುಷ್ಯ ಅಷ್ಟು ಹೊತ್ತು ನರಳಿದರೆ ಯಾರ ಕಣ್ಣಿಗೂ ಬೀಳದಂಥ ಜಾಗವೇ ಅದು? ಇದ್ದದ್ದನ್ನು ಇದ್ದಂತೆ ಬರೆ. ನನಗೆ ನೋವಾಗುತ್ತದೆ ಎಂದು ಸಕ್ಕರೆ ಹಚ್ಚಬೇಡ.

ಅತ್ತಿಗೆ

*

ಮಾರ್ಚ್ ೧

ಪ್ರೀತಿಯ ಅತ್ತಿಗೆ,

ನಿನ್ನೆ ಹೋಗಿ ಬಂದೆ. ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ. ಆದರೆ ಇದ್ದದ್ದು ನೀವು ಅಂದುಕೊಂಡ ಹಾಗಿಲ್ಲ. ನಿಧಾನವಾಗಿ ಓದಿ.

ಮೊದಲ ರೈಲು ಹಿಡಿದರೂ ಅಲ್ಲಿ ಇಳಿದಾಗ ಒಂಬತ್ತು ದಾಟಿತ್ತು. ಅಣ್ಣ ಐದೂವರೆಗೇ ಹೊರಟಿದ್ದ, ನಾನು ಆಗಲೇ ಹಿಂದೆ ಬಿದ್ದೆ ಎಂದುಕೊಂಡು ಸೇತುವೆಗೆ ನಡೆದೆ. ದೊಡ್ಡ ಊರು. ಒಬ್ಬರ ಮುಖ ಒಬ್ಬರು ನೋಡದೆ ಎಲ್ಲರೂ ಯಾವುದೋ ಬಾಗಿಲು ಮುಚ್ಚಿಬಿಡುವ ಮುಂಚೆ ತಲುಪಬೇಕು ಎಂಬಂತೆ ನಡೆಯುತ್ತಾರೆ. ಸೇತುವೆಯ ನಡುವೆ ನಿಂತು ಕೆಳಗೆ ನೋಡಿದೆ. ಅಣ್ಣ ಬರೆದದ್ದು ಸರಿ, ನೀರು ಹರಿಯುತ್ತದೋ ನಿಂತಿದೆಯೋ ಹೇಳಲು ಬರುವುದಿಲ್ಲ. ಒಂದು ಎಲೆ ಬಂತು. ಅದು ಸೇತುವೆ ದಾಟುವುದನ್ನು ನೋಡಿದ ಮೇಲೆಯೇ ಹರಿಯುತ್ತದೆ ಎಂದು ಗೊತ್ತಾದದ್ದು.

ಮ್ಯೂಸಿಯಂ ತಲುಪಿದಾಗ ಹತ್ತಕ್ಕೆ ಐದು ನಿಮಿಷ. ಬಾಗಿಲು ಮುಚ್ಚಿತ್ತು. ಹತ್ತಕ್ಕೆ ತೆರೆಯುತ್ತದೆ ಎಂಬ ಫಲಕ. ಕಲ್ಲಿನ ಮೆಟ್ಟಿಲ ಮೇಲೆ ಕೂತು ನಿಮ್ಮ ನಕಲು ತೆಗೆದೆ. ಏಳೂ ಹತ್ತು, ಮ್ಯೂಸಿಯಂ. ಹತ್ತಕ್ಕೆ ತೆರೆಯುವ ಜಾಗಕ್ಕೆ ಏಳೂ ಹತ್ತಕ್ಕೆ ಹೇಗೆ ಹೋದ? ನಮ್ಮಣ್ಣ ಎಂಥವನೇ ಇರಲಿ, ಬೀಗ ಒಡೆಯುವವನಲ್ಲ.

ಬಾಗಿಲು ತೆರೆದಾಗ ಟಿಕೆಟ್ಟಿನ ಹೆಂಗಸಿಗೆ ನೀವು ಕಳಿಸಿದ ತುಂಡನ್ನು ತೋರಿಸಿದೆ. "ನಮ್ಮದೇ. ಯಾಕೆ, ಇದರಲ್ಲೇ ಇನ್ನೊಂದ್ಸಲ ಒಳಗೆ ಹೋಗ್ಬೇಕಾ?" ಎಂದು ನಕ್ಕಳು. ಅಲ್ಲ, ಇದು ತೀರಿಹೋದ ನನ್ನ ಅಣ್ಣನದು ಎಂದೆ. ಅವಳ ನಗು ನಿಂತಿತು. ತುಂಡನ್ನು ದೀಪದ ಕೆಳಗೆ ಹಿಡಿದಳು. ಮೂಲೆಯಲ್ಲಿ ಒಂದು ಮಸುಕಾದ ಸಾಲಿದೆ, ನಿಮಗೂ ನನಗೂ ಮಡಿಕೆಯ ಗೆರೆ ಎನಿಸಿದ್ದು. ಅದು ಗಂಟೆಯ ಮುದ್ರೆ. ಹನ್ನೊಂದು ಹತ್ತು.

ಏಳೂ ಹತ್ತು, ಹನ್ನೊಂದೂ ಹತ್ತು. ನಡುವೆ ಸರಿಯಾಗಿ ನಾಲ್ಕು ಗಂಟೆ. ಈ ದೇಶ ನಮಗಿಂತ ಮುಂದಿರುವುದೂ ಅಷ್ಟೇ.

ನಡೆಯದ ಇನ್ನೂರು ಗಡಿಯಾರಗಳ ನಡುವೆ ನಿಂತು "ಮುಂದೆ ೧" ಎಂಬುದನ್ನು ಮತ್ತೆ ಓದಿದೆ. ಅತ್ತಿಗೆ, ಅದು ಮೈಲಿ ಅಲ್ಲ, ಸೆಕೆಂಡು. ನೀವು ಮಹಡಿಯ ಮೇಲೆ ಹೊಲಿಯುತ್ತಿದ್ದಿರಿ, ನಾನು ಕೆಳಗೆ ಅಪ್ಪನ ಸ್ಟೂಲಿನ ಪಕ್ಕ ಬೆಳೆದವಳು. ರಿಪೇರಿಯಾದ ಕೈಗಡಿಯಾರವನ್ನು ನಮ್ಮ ಅಂಗಡಿಯಲ್ಲಿ ತಕ್ಷಣ ಕೊಡುವುದಿಲ್ಲ. ಅಪ್ಪ ಅದನ್ನು ಏಳು ದಿನ ತನ್ನ ಕೈಗೇ ಕಟ್ಟಿಕೊಳ್ಳುತ್ತಿದ್ದರು, ಅಣ್ಣನೂ ಹಾಗೇ. ದಿನಕ್ಕೆ ಹತ್ತು ಸಲ ಅದು ಎಷ್ಟು ಸೆಕೆಂಡು ಮುಂದೆ ಹೋಯಿತು, ಎಷ್ಟು ಹಿಂದೆ ಬಿತ್ತು ಎಂದು ಬರೆಯುವುದು. ಆ ಏಳು ದಿನ ಕೀ ಕೊಡಬಹುದೇ ಹೊರತು ಮುಳ್ಳು ತಿರುಗಿಸುವಂತಿಲ್ಲ. ನಾನು ಆರು ವರ್ಷದವಳಿದ್ದಾಗ ಒಂದು ಗಡಿಯಾರದ ಮುಳ್ಳು ತಿರುಗಿಸಿ ಅಪ್ಪನಿಂದ ಬೆನ್ನಿಗೆ ಬಿದ್ದಿತ್ತು. "ಪರೀಕ್ಷೆಗಿಟ್ಟ ಗಡಿಯಾರಕ್ಕೆ ಬುದ್ಧಿ ಹೇಳಬಾರ್ದು ಕಣೇ. ಅದು ಹೇಳೋದನ್ನ ನಾವು ಕೇಳ್ಬೇಕು" ಎಂದಿದ್ದರು.

ಅಣ್ಣ ಯಾರದೋ ಗಡಿಯಾರವನ್ನು ಪರೀಕ್ಷೆಗೆಂದು ಕಟ್ಟಿಕೊಂಡೇ ವಿಮಾನ ಹತ್ತಿದ್ದಾನೆ. ಇಲ್ಲಿ ಇಳಿದ ಮೇಲೂ ಮುಳ್ಳು ಮುಟ್ಟಿಲ್ಲ. ಆ ಪುಸ್ತಕದಲ್ಲಿರುವುದೆಲ್ಲ ನಮ್ಮ ಊರಿನ ಹೊತ್ತು. ಪ್ರತಿ ಸಾಲಿಗೂ ನಾಲ್ಕು ಗಂಟೆ ಸೇರಿಸಿ. ಅವನು ಬೆಂಚಿನ ಮೇಲೆ ಕೂತದ್ದು ಐದೂ ಐದಕ್ಕೆ.

ನಾಲ್ಕೂಕಾಲು ಗಂಟೆ ಅಲ್ಲ, ಅತ್ತಿಗೆ. ಹದಿನೈದು ನಿಮಿಷ.

ಇದನ್ನು ಸಕ್ಕರೆ ಎಂದು ನೀವು ಅನುಮಾನಿಸಬಾರದೆಂದು ಉಳಿದದ್ದನ್ನೂ ಬರೆಯುತ್ತೇನೆ. ದೋಣಿ ಹತ್ತಿದೆ. ಚಹಾ ಕುಡಿದೆ, ಬಿಸಿನೀರೇ. ಐದಕ್ಕೆ ಮುಂಚೆ ಚೌಕಕ್ಕೆ ಹೋದೆ. ಒಂದು ಕಡೆ ಗಡಿಯಾರದ ಗೋಪುರ, ಅದರ ಎದುರಿಗೇ ಉದ್ಯಾನ, ಬೇಲಿಯ ಪಕ್ಕ ಬೆಂಚು. ನೀವು ಕೇಳಿದ್ದಿರಿ. ಜನ ಓಡಾಡುತ್ತಾರೆ. ತುಂಬಾ ಓಡಾಡುತ್ತಾರೆ. ನರಳಿದರೆ ಕಣ್ಣಿಗೆ ಬೀಳದಂಥ ಜಾಗವಲ್ಲ.

ಕಾವಲುಗಾರ ಅವನೇ, ಬದಲಾಗಿಲ್ಲ. ಬಿಳಿ ಮೀಸೆ, ಕೈಯಲ್ಲಿ ಎಲೆ ಗುಡಿಸುವ ಕುಂಟೆ. ಇಬ್ಬರಿಗೂ ಬರುವುದು ಅರ್ಧಂಬರ್ಧ ಇಂಗ್ಲಿಷ್, ಉಳಿದದ್ದು ಕೈಸನ್ನೆ. ಅಣ್ಣನ ಚಿತ್ರ ತೋರಿಸಿದೆ. ಟೋಪಿ ತೆಗೆದು ಎದೆಗೆ ಹಿಡಿದ. "ನೆನಪಿದೆ. ಐದು ಹೊಡೆಯೋ ಮುಂಚೆ ಗೋಪುರದ ಕೆಳಗೆ ನಿಂತಿದ್ರು. ಒಂದು ಕೈಯಲ್ಲಿ ಫೋನು, ಹೀಗೆ, ಆಕಾಶಕ್ಕೆ ಎತ್ತಿ ಹಿಡಿದಿದ್ರು. ನನ್ನ ನೋಡಿ ನಕ್ಕು, ಸುಮ್ಮನಿರಿ ಅಂತ ತುಟಿ ಮೇಲೆ ಬೆರಳಿಟ್ರು. ಆಮೇಲೆ ಬಂದು ಇಲ್ಲಿ ಕೂತ್ರು. ನಾನು ಒಂದು ಸುತ್ತು ಹೋಗಿ ಬರೋದ್ರೊಳಗೆ..." ಎಂದು ಕುಂಟೆಗೆ ಗದ್ದ ಊರಿ ನಿಂತುಬಿಟ್ಟ. "ನಿದ್ದೆ ಅಂದ್ಕೊಂಡೆ. ಮುಖ ಹಾಗಿತ್ತು" ಎಂದ.

ಫೋಟೋ ತೆಗೆಯುತ್ತಿದ್ದನೇನೋ, ಪಾಪ. ಅಷ್ಟು ಎತ್ತರದ ಗೋಪುರ ಚೌಕಟ್ಟಿಗೆ ಹಿಡಿಸಲಿಲ್ಲವೇನೋ.

ನಾನೂ ಬೆಂಚಿನ ಮೇಲೆ ಕೂತು ಐದು ಹೊಡೆಯುವುದನ್ನು ಕೇಳಿದೆ. ಹೊಡೆಯುವ ಮುಂಚೆ ಮೇಲಿನಿಂದ ಒಂದು ಸದ್ದು ಬಂತು. ಯಾರೋ ದೊಡ್ಡವರು ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಂಡಂತೆ. ನಮ್ಮ ತಾತ ಕೆಮ್ಮುತ್ತಾನಲ್ಲ, ಥೇಟ್ ಹಾಗೇ. ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಆಗ ಅತ್ತೆ.

ಅಣ್ಣನನ್ನು ಕಳಿಸಿದ ನನ್ನ ತಪ್ಪು ಇದರಿಂದ ಅಳಿಸಿಹೋಗುವುದಿಲ್ಲ. ಆದರೆ ನಾಲ್ಕು ಗಂಟೆಯ ಆ ಭಾರವನ್ನು ನೀವು ಇಳಿಸಬಹುದು.

ಗುಬ್ಬಿ

*

ಮಾರ್ಚ್ ೨೦

ಅತ್ತಿಗೆ,

ನನ್ನ ಕಾಗದ ನಿಮಗೆ ಹತ್ತನೇ ತಾರೀಖಿಗೇ ತಲುಪಿದೆ ಎಂದು ಅಂಚೆಯವರು ಹೇಳುತ್ತಾರೆ. ಹತ್ತು ದಿನವಾಯಿತು. ನಾನು ಬರೆಯಬಾರದ್ದನ್ನು ಬರೆದೆನೆ? ಕಾವಲುಗಾರನ ಮಾತು ಬೇಡವಾಗಿತ್ತೆ? ಮೇಸ್ತ್ರಿ ಫೋನಿನಲ್ಲಿ, "ಅಮ್ಮಾವ್ರು ಮೂರು ದಿನದಿಂದ ಮಿಷನ್ ತುಳಿದಿಲ್ಲ" ಎಂದರು. ಅವರಿಗೆ ಅಷ್ಟೇ ಗೊತ್ತು.

ಇವತ್ತು ನಾನು ಪಟ್ಟಿ ಮಾಡಿದ ಪುಸ್ತಕದಲ್ಲಿ ನಡುವಿನ ಒಂದು ಹಾಳೆ ಇರಲಿಲ್ಲ. ಹರಿದದ್ದಲ್ಲ, ಯಾರೋ ನೀಟಾಗಿ ಕತ್ತರಿಸಿ ತೆಗೆದದ್ದು. ಯಾಕೋ ನೀವು ನೆನಪಾದಿರಿ.

ಸಿಟ್ಟಿದ್ದರೆ ಸಿಟ್ಟನ್ನೇ ಬರೆಯಿರಿ. ಎರಡು ಸಾಲಾದರೂ ಸಾಕು.

ಗುಬ್ಬಿ

*

ಮಾರ್ಚ್ ೨೨

ಗುಬ್ಬಿ, ನನ್ನ ಕಂದ,

ಉತ್ತರ ತಡವಾಯಿತು. ನಿನ್ನ ಕಾಗದವನ್ನು ಮೊದಲ ದಿನ ಓದಿದೆ. ಮರುದಿನ ಓದಿದೆ. ಮೂರನೇ ದಿನ ಚಿಕ್ಕ ಲಕೋಟೆ ಒಡೆದೆ.

ಒಳಗಿದ್ದದ್ದು ನಮ್ಮ ಮದುವೆಯ ಗಡಿಯಾರವಲ್ಲ. ಚಿನ್ನದ ಬಣ್ಣದ ಹಳೆಯದು, ಹಿಂದೆ ಎರಡು ಅಕ್ಷರ ಕೆತ್ತಿದೆ. ಟೀಚರ್ ಅವರ ಚೀಟಿಯಲ್ಲಿ ನಿಮ್ಮಣ್ಣ ಬರೆದಿಟ್ಟಿದ್ದ ಅದೇ ಎರಡು ಅಕ್ಷರ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಆಮೇಲೆ ಸೂಟ್‌ಕೇಸನ್ನೂ ಎಳೆದು ತೆಗೆದೆ. ಮದುವೆಯ ಗಡಿಯಾರ ತಳದಲ್ಲಿ, ಕಾಲುಚೀಲದೊಳಗೆ ಸುತ್ತಿಟ್ಟಿತ್ತು. ಒಗೆಯದ ಕಾಲುಚೀಲ. ಆ ಮನುಷ್ಯನಿಗೆ ಎಷ್ಟು ಹೇಳಿದರೂ ಅಷ್ಟೇ.

ಈಗ ನಾನು ಹೇಳದೆ ಉಳಿಸಿಕೊಂಡದ್ದನ್ನು ಹೇಳಬೇಕು.

ನಾನು ಫೋನ್ ಎತ್ತದಿರುವುದು ನಿನ್ನ ಮೇಲಿನ ಸಿಟ್ಟಿಗೆ ಎಂದುಕೊಂಡೆಯಾ, ಹುಚ್ಚಿ? ನೀನು ಕಳಿಸಿದೆ ಎಂದು ಒಂದು ದಿನವೂ ಅಂದುಕೊಂಡಿಲ್ಲ. ನಿಮ್ಮಣ್ಣ ನನ್ನನ್ನೂ ಕರೆದಿದ್ದರು. "ಬಾರೇ, ಇಬ್ರೂ ಹೋಗಿ ನಾಲ್ಕು ದಿನ ಊರು ನೋಡ್ಕೊಂಡು ಬರೋಣ" ಎಂದು ತಿಂಗಳಿಡೀ ಹಿಂದೆ ಬಿದ್ದಿದ್ದರು. ನಾನು ಹನ್ನೊಂದು ರವಿಕೆ ಒಪ್ಪಿಕೊಂಡಿದ್ದೆ. "ಮುಳ್ಳು ತಿರುಗ್ಸೋರ ಸಂತೆಗೆ ನಾನ್ಯಾಕೆ ಬರ್ಲಿ" ಎಂದೆ. ಮಾತಿಗೆ ಮಾತು ಬೆಳೆಯಿತು. ಹೊರಡುವ ದಿನ ಬಾಗಿಲವರೆಗೂ ಹೋಗಲಿಲ್ಲ. ಅಲ್ಲಿಗೆ ಹೋದ ಮೇಲೂ ಮಾತು ಬಿಟ್ಟಿದ್ದೆ.

ಆ ದಿನ ಮಧ್ಯಾಹ್ನ ಫೋನು ಬಂತು. ಮಿಷನ್ನಿನ ಪಕ್ಕದಲ್ಲೇ ಇತ್ತು, ಅವರ ಹೆಸರು ಕಾಣುತ್ತಿತ್ತು. ನಾನು ಎತ್ತಲಿಲ್ಲ. ಕೇಳಿಸದಿರಲಿ ಎಂದು ಇನ್ನೂ ಜೋರಾಗಿ ತುಳಿದೆ. ಆ ಹೊಲಿಗೆ ಈಗಲೂ ನೆನಪಿದೆ, ತೋಳಿನ ಹೊಲಿಗೆ, ಸೊಟ್ಟ ಹೋಯಿತು.

ಫೋನಿನಲ್ಲಿ ಗುರುತಾಗಿದ್ದ ಹೊತ್ತು ಮಧ್ಯಾಹ್ನ ಒಂದಕ್ಕೆ ಒಂದು ನಿಮಿಷ ಮುಂಚೆ. ಅಲ್ಲಿಯ ಲೆಕ್ಕಕ್ಕೆ ಐದಕ್ಕೆ ಒಂದು ನಿಮಿಷ. ಅದನ್ನು ತಪ್ಪಿಲ್ಲದೆ ಲೆಕ್ಕ ಹಾಕಿದ್ದೆ. ಪೊಲೀಸರ ಐದೂ ಇಪ್ಪತ್ತನ್ನೂ ಹಾಕಿದ್ದೆ. ಪುಸ್ತಕದ ಒಂದೂ ಐದನ್ನು ಮಾತ್ರ ಅಲ್ಲಿಯದೇ ಎಂದುಕೊಂಡೆ. ಅಲ್ಲಿ ನಾಲ್ಕು ಗಂಟೆ ಒಬ್ಬರೇ ನೋವು ತಿಂದು, ಇನ್ನು ಆಗುವುದಿಲ್ಲ ಎನಿಸಿದಾಗ ಕೊನೆಗೆ ನನ್ನನ್ನು ಕರೆದರು, ನಾನು ಎತ್ತಲಿಲ್ಲ. ಒಂದೂಕಾಲು ವರ್ಷ ನಾನು ಬದುಕಿದ್ದು ಇದರ ಜೊತೆ. ಆಮೇಲೆ ಯಾವ ಫೋನು ಬಂದರೂ ಕೈ ಮುಂದೆ ಹೋಗುವುದಿಲ್ಲ. ಆ ಒಂದನ್ನು ಎತ್ತದವಳು ಇನ್ಯಾವುದನ್ನು ಯಾವ ಮುಖದಲ್ಲಿ ಎತ್ತಲಿ?

ನಿನ್ನ ಕಾವಲುಗಾರ ನೋಡಿದ್ದು ಫೋಟೋ ಅಲ್ಲ, ಗುಬ್ಬಿ. ಫೋಟೋ ತೆಗೆಯುವವರು ಎದುರಿನವರಿಗೆ ಸುಮ್ಮನಿರಿ ಎನ್ನುತ್ತಾರೆಯೇ? ಅವರು ನನಗೆ ಕೆಮ್ಮು ಕೇಳಿಸಬೇಕೆಂದಿದ್ದರು. ನಮ್ಮ ತಾತ ಕೆಮ್ಮಿದಾಗಲೆಲ್ಲ ನಾನು ಮಹಡಿಯಿಂದ "ಔಷಧಿ ಕೊಡ್ರೀ ಅವನಿಗೆ" ಎಂದು ಕೂಗುತ್ತಿದ್ದೆ. ಅವರು ಕೆಳಗಿನಿಂದ "ದೊಡ್ಡೋರು ಕಣೇ, ಕೆಮ್ಮಿ ಮಾತಾಡ್ತಾರೆ" ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದ ಹಳಸಲು ತಮಾಷೆ. ಅಷ್ಟು ದೂರ ಹೋಗಿ, ಕೆಮ್ಮುವ ಇನ್ನೊಬ್ಬನನ್ನು ಹುಡುಕಿ, ಮಾತು ಬಿಟ್ಟ ಹೆಂಡತಿಯನ್ನು ಅದರಿಂದ ನಗಿಸಲು ನೋಡಿದರು.

ಕರೆದದ್ದು ನೋವಿನಲ್ಲಲ್ಲ, ಸಂತೋಷದಲ್ಲಿ. ಇದು ಮೊದಲಿನದಕ್ಕಿಂತ ಕಡಿಮೆ ನೋವೋ ಹೆಚ್ಚು ನೋವೋ ನನಗಿನ್ನೂ ಗೊತ್ತಾಗಿಲ್ಲ. ಬೇರೆ ನೋವು ಎಂಬುದು ಮಾತ್ರ ಗೊತ್ತು. ಮೊದಲಿನದರಲ್ಲಿ ಅವರು ಇರಲೇ ಇಲ್ಲ, ಬೆಂಚು ಇತ್ತು, ನಾನಿದ್ದೆ. ಇದರಲ್ಲಿ ಅವರು ಇದ್ದಾರೆ.

ನಕಲು ಮಾಡಿದಾಗ ಕೊನೆಯ ಸಾಲಿನ ಒಂದು ಮಾತನ್ನು ನಾನು ಬಿಟ್ಟಿದ್ದೆ. ಪೂರ್ತಿ ಸಾಲು ಹೀಗಿದೆ: "೧-೦೫. ಬೆಂಚು. ಕಾಲು ಸೋತಿದೆ. ಇನ್ನೂ ಕೋಪ. ಅರ್ಧ ಗಂಟೆಗೂ ಒಂದು ಹೊಡೆಯುತ್ತಾನಂತೆ, ಆಗ ಮತ್ತೆ ಮಾಡೋಣ."

ಇದನ್ನು ಓದಲಾಗದೆ ನೂರು ಸಲ ಪುಸ್ತಕ ಮುಚ್ಚಿದ್ದೇನೆ. "ಇನ್ನೂ ಕೋಪ" ಎಂಬಲ್ಲಿಗೇ ಕಣ್ಣು ನಿಂತುಬಿಡುತ್ತಿತ್ತು, ಮುಂದಿನದು ತಲೆಗೆ ಹತ್ತುತ್ತಿರಲಿಲ್ಲ. ಈಗ ಓದುತ್ತಿದ್ದೇನೆ. ಇನ್ನು ಅರ್ಧ ಗಂಟೆಯಲ್ಲಿ ನನ್ನ ಕೋಪ ಇಳಿಯುತ್ತದೆ ಎಂದುಕೊಂಡು ಕೂತಿದ್ದರು. ಅವರಿಗೆ ನಾನು ಗೊತ್ತಿದ್ದೆ. ಆ ದಿನ ನಿಜವಾಗಿ ಅರ್ಧ ಗಂಟೆಗೆ ಇನ್ನೊಮ್ಮೆ ಬಂದಿದ್ದರೆ ಎತ್ತುತ್ತಿದ್ದೆ. ಎತ್ತಿ ಬೈಯುತ್ತಿದ್ದೆ. ಆದರೂ ಎತ್ತುತ್ತಿದ್ದೆ.

ಟೀಚರನ್ನು ಕರೆಸಿ ಗಡಿಯಾರ ಕೈಗಿಟ್ಟೆ. ಎಲ್ಲಿತ್ತು ಎಂದು ಪೂರ್ತಿ ಹೇಳಿದೆ. ಅವರು ಅದನ್ನು ಅಂಗೈಯಲ್ಲಿ ಹೊರಳಿಸಿ ಹಿಂದಿನ ಅಕ್ಷರಗಳನ್ನು ಸವರಿದರು. ಆಮೇಲೆ ಕೇಳಿದರು:

"ಪರೀಕ್ಷೆ ಏಳು ದಿನ ಪೂರ್ತಿ ಆಗಿತ್ತಾ?"

"ಇಲ್ಲ ಟೀಚರ್."

"ಹಂಗಾದ್ರೆ ಯಾಕೆ ಕೊಡ್ತೀಯಮ್ಮ? ಮೂವತ್ತು ವರ್ಷ ಮಕ್ಕಳಿಗೆ ಪರೀಕ್ಷೆ ಮಾಡ್ದೋಳು ನಾನು. ಅರ್ಧಕ್ಕೆ ಎದ್ದು ಬಂದೋರನ್ನ ಪಾಸು ಮಾಡಲ್ಲ. ಮುಗಿಸಿ ಕೊಡು."

ಮೇಸ್ತ್ರಿ ಅದಕ್ಕೆ ಎಣ್ಣೆ ಹಾಕಿ ಕೀ ಕೊಟ್ಟು ನನ್ನ ಕೈಗೆ ಕಟ್ಟಿದ್ದಾರೆ. ಇವತ್ತು ಮೂರನೇ ದಿನ. ಅವರ ಪುಸ್ತಕದಲ್ಲೇ, ಕೊನೆಯ ಸಾಲಿನ ಕೆಳಗಿನಿಂದ ನಾನು ಬರೆಯುತ್ತಿದ್ದೇನೆ. ಬೆಳಿಗ್ಗೆ ಹಿಂದೆ ಒಂದು, ಈಗ ಸರಿ.

ನಿನ್ನಿಂದ ಒಂದು ಕೆಲಸವಾಗಬೇಕು. ಮುಂದಿನ ರಜಕ್ಕೆ ಇನ್ನೊಂದು ದಿನ ಆ ಊರಿಗೆ ಹೋಗು. ಸೇತುವೆ ಬೇಡ, ಮ್ಯೂಸಿಯಂ ಬೇಡ. ಐದಕ್ಕೆ ಒಂದು ನಿಮಿಷವಿರುವಾಗ ಗೋಪುರದ ಕೆಳಗೆ ನಿಂತು ನನಗೆ ಫೋನ್ ಮಾಡು. ಏನೂ ಮಾತಾಡಬೇಡ, ಬಾಯಿ ಮುಚ್ಚಿಕೊಂಡಿರುವುದು ಈಗ ನಿನಗೆ ಅಭ್ಯಾಸವಾಗಿದೆಯಲ್ಲ. ಫೋನನ್ನು ಮೇಲೆ ಹಿಡಿದುಕೊಂಡಿರು, ಅಷ್ಟೇ.

ನಾನು ಮಿಷನ್ ನಿಲ್ಲಿಸಿರುತ್ತೇನೆ. ಎತ್ತುತ್ತೇನೆ.

ನಿನ್ನ ಅತ್ತಿಗೆ